ಸಂಖ್ಯೆ 7053: ಜೈಲು ದಫ್ತರವನ್ನು ಓದುವ ಬಗೆ

ಅಕ್ಷರದಿಂದ ದೂರ ಇಟ್ಟ ಜನರ ಹೆಸರು ಬರಹಕ್ಕೆ ಬರುವುದು ಬಹಳ ಸಲ ಅವರ ಕೈಯಿಂದಲ್ಲ. ಸಾಲದ ಖಾತೆ, ಪೊಲೀಸರ ಡೈರಿ, ಜೈಲಿನ ದಫ್ತರ, ಇಲ್ಲೆಲ್ಲ ಲೇಖನಿ ಹಿಡಿದವನು ಯಜಮಾನ, ಇಲ್ಲವೇ ಯಜಮಾನನ ಗುಮಾಸ್ತ. ಇಂಥ ಬರಹ ನಮ್ಮ ಚರಿತ್ರೆಗೆ ಆಕರವಾಗಬಹುದೆ? 'ಅದು ಶತ್ರುವಿನ ಬರಹ, ಅದರ ಸಹವಾಸವೇ ಬೇಡ' ಅನ್ನುವವರಿದ್ದಾರೆ. 'ಸರ್ಕಾರಿ ದಾಖಲೆ, ಆದ್ದರಿಂದ ನಿಜ' ಅನ್ನುವವರೂ ಇದ್ದಾರೆ. ಎರಡೂ ಸೋಮಾರಿ ಓದುಗಳೇ. ಅಮೆರಿಕದ ಕಪ್ಪು ಜನರ ಜೈಲು ದಾಖಲೆಗಳ ಕತೆ ಇಲ್ಲಿ ನಮಗೆ ಒಂದಷ್ಟು ದಾರಿ ತೋರಿಸೀತು. ಅದೇನೂ ನಮಗೆ ದೂರದ ಕತೆಯಲ್ಲ. 1946ರಲ್ಲಿ ಅಂಬೇಡ್ಕರ್ ಅವರು ಡು ಬಾಯ್ಸ್ ಅವರಿಗೆ ಪತ್ರ ಬರೆದದ್ದು ಒಂದು ದಾಖಲೆಯನ್ನು ಕೇಳುವುದಕ್ಕೇ: ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು.

ಅಮೆರಿಕದ ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಒಂದು ಆಡಳಿತ ಘಟಕ. ಅಂಥವು ಮೂರು ಸಾವಿರಕ್ಕೂ ಹೆಚ್ಚಿವೆ. ಹೆಚ್ಚಿನ ಕಡೆ ಕೌಂಟಿ ಜೈಲು ಇರುವುದು ಓಟಿನಿಂದ ಆರಿಸಿ ಬಂದ ಶೆರೀಫನ ಕೈಯಲ್ಲಿ. ಹಿಡಿದು ತಂದವರನ್ನು ಒಳಗೆ ಹಾಕುವ ಹೊತ್ತಿನಲ್ಲಿ ಹೆಸರು, ಎತ್ತರ, ತೂಕ, ವರ್ಣ, ಆರೋಪ, ತಾರೀಖು ಬರೆದುಕೊಂಡು, ಬೆರಳಚ್ಚು ಒತ್ತಿಸಿ, ಫೋಟೋ ತೆಗೆಯುತ್ತಾರೆ. ಇದಕ್ಕೆ ಬುಕಿಂಗ್ ಅನ್ನುತ್ತಾರೆ. ಈ ದಾಖಲೆ ಹೇಳುವುದು ಇಷ್ಟೇ: ಇಂಥ ದಿನ, ಇಂಥವರು, ಇಂಥ ಮನುಷ್ಯನನ್ನು, ಇಂಥ ಆರೋಪದ ಮೇಲೆ ಹಿಡಿದರು. ಆ ಮನುಷ್ಯ ತಪ್ಪು ಮಾಡಿದನೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಹಿಡಿದವರು ಏನು ಮಾಡಿದರು ಎಂಬುದಕ್ಕೆ ಮಾತ್ರ ಖಚಿತ ಸಾಕ್ಷಿಯಿದೆ.

ಅಲಬಾಮಾ ರಾಜ್ಯದ ಶೆಲ್ಬಿ ಕೌಂಟಿಯಲ್ಲಿ 1908ರ ಮಾರ್ಚ್ 30ರಂದು ಗ್ರೀನ್ ಕಾಟನ್‌ಹ್ಯಾಮ್ ಎಂಬ ಇಪ್ಪತ್ತೆರಡರ ಕಪ್ಪು ಯುವಕನನ್ನು ಹಿಡಿದರು. ಆರೋಪ: ಅಲೆಮಾರಿತನ. ಶಿಕ್ಷೆ ಮೂವತ್ತು ದಿನ. ಆದರೆ ಶೆರೀಫನ ಶುಲ್ಕ, ಗುಮಾಸ್ತನ ಶುಲ್ಕ, ಸಾಕ್ಷಿಗಳ ಶುಲ್ಕ ಅಂತ ಸೇರಿಸಿ, ಕಟ್ಟಲಾರದವನ ಶಿಕ್ಷೆ ಹೆಚ್ಚೂಕಡಿಮೆ ಒಂದು ವರ್ಷವಾಯಿತು. ಕೌಂಟಿ ಅವನನ್ನು ತಿಂಗಳಿಗೆ 12 ಡಾಲರಿನಂತೆ ಯು.ಎಸ್. ಸ್ಟೀಲ್ ಒಡೆತನದ ಕಂಪನಿಯ ಕಲ್ಲಿದ್ದಲು ಗಣಿಗೆ ಕೊಟ್ಟಿತು. ಅದೇ ಆಗಸ್ಟಿನಲ್ಲಿ ಅವನು ಸತ್ತ. ಡಗ್ಲಸ್ ಬ್ಲ್ಯಾಕ್‌ಮನ್ ಎಂಬ ಪತ್ರಕರ್ತ 2008ರಲ್ಲಿ ಪ್ರಕಟಿಸಿದ ಪುಸ್ತಕ ಹೊರಗೆಳೆದದ್ದು ಇಂಥ ಸಾವಿರಾರು ಜನರ ಚರಿತ್ರೆಯನ್ನು. ಅದಕ್ಕೆ ಆಕರ ಎಲ್ಲಿತ್ತು? ಕೌಂಟಿ ಕಚೇರಿಗಳ ಧೂಳು ಹಿಡಿದ ದಫ್ತರಗಳಲ್ಲಿ. ಗುಲಾಮಗಿರಿ ರದ್ದಾಗಿ ನಾಲ್ಕು ದಶಕ ಕಳೆದ ಮೇಲೂ ಮನುಷ್ಯರನ್ನು ಮಾರುತ್ತಿದ್ದವರು ಲೆಕ್ಕ ಮಾತ್ರ ಚೊಕ್ಕವಾಗಿ ಇಟ್ಟಿದ್ದರು. ತಾವು ಬರೆಯುತ್ತಿರುವುದು ತಮ್ಮದೇ ಅಪರಾಧದ ಪಟ್ಟಿ ಅಂತ ಅವರಿಗೆ ಅನ್ನಿಸಿರಲಿಲ್ಲ, ಅಷ್ಟೆ.

ದಫ್ತರವನ್ನು ಸರಿಯಾಗಿ ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ರಾಜ್ಯದ ಮಾಂಟ್‌ಗೊಮರಿಯ ಉದಾಹರಣೆಯಿದೆ. ರೋಸಾ ಪಾರ್ಕ್ಸ್ ಎದೆಯ ಮೇಲೆ 7053 ಎಂಬ ಸಂಖ್ಯೆ ಹಿಡಿದ ಫೋಟೋ ಲೋಕಪ್ರಸಿದ್ಧ. ಬಸ್ಸಿನಲ್ಲಿ ಸೀಟು ಬಿಡಲಿಲ್ಲವೆಂದು 1955ರ ಡಿಸೆಂಬರ್ 1ರಂದು ಬಂಧಿಸಿದಾಗ ತೆಗೆದದ್ದು ಅಂತ ಎಷ್ಟೋ ಕಡೆ ಅಚ್ಚಾಗಿದೆ. ಅದು ನಿಜವಲ್ಲ. ಆ ಫೋಟೋ 1956ರ ಫೆಬ್ರವರಿ 22ರದು. ಬಸ್ ಬಹಿಷ್ಕಾರವನ್ನು ಮುರಿಯಲು, 1921ರ ಬಹಿಷ್ಕಾರ ವಿರೋಧಿ ಕಾನೂನಿನಡಿ 89 ಜನರ ಮೇಲೆ ಆರೋಪ ಹೊರಿಸಿದ ದಿನಗಳವು. ಅವರಲ್ಲಿ ಬಹಳ ಜನ ಪೊಲೀಸರು ಬರಲಿ ಅಂತ ಕಾಯಲಿಲ್ಲ. ಒಳ್ಳೆಯ ಬಟ್ಟೆ ತೊಟ್ಟು, ತಾವೇ ಶೆರೀಫನ ಕಚೇರಿಗೆ ನಡೆದು ಹೋಗಿ 'ನನ್ನ ಹೆಸರಿದೆಯಾ ನೋಡಿ' ಅಂದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಖ್ಯೆ 7089. ಈ ಫೋಟೋಗಳು ಅರ್ಧ ಶತಮಾನ ಶೆರೀಫನ ಇಲಾಖೆಯ ಉಗ್ರಾಣದಲ್ಲಿ ಬಿದ್ದಿದ್ದು 2004ರಲ್ಲಿ ಬೆಳಕಿಗೆ ಬಂದವು. ಕಿಂಗ್ ಅವರ ಚಿತ್ರದ ಮೇಲೆ, ಅವರು ಕೊಲೆಯಾದ ದಿನಾಂಕವನ್ನು ಬರೆದು 'ಸತ್ತ' ಎಂದು ಯಾರೋ ಗೀಚಿದ್ದರು.

ಎರಡೂವರೆ ತಿಂಗಳ ವ್ಯತ್ಯಾಸ ತಾನೆ, ಅದಕ್ಕೇನು ಮಹಾ ಅನ್ನಬಹುದು. ಮಹಾ ಇದೆ. ಡಿಸೆಂಬರ್ ಅಂದರೆ ಅದು ದಣಿದ ಒಬ್ಬ ದರ್ಜಿ ಹೆಂಗಸಿನ ಕತೆ. ಫೆಬ್ರವರಿ ಅಂದರೆ ಜೈಲಿನ ಭಯವನ್ನೇ ಕಳಚಿಟ್ಟ ಒಂದು ಸಮುದಾಯದ ಕತೆ. ಪಾರ್ಕ್ಸ್ 1943ರಿಂದಲೇ ತಮ್ಮ ಊರಿನ ಎನ್‌ಎಎಸಿಪಿ ಶಾಖೆಯ ಕಾರ್ಯದರ್ಶಿಯಾಗಿ ದುಡಿದ ಹೋರಾಟಗಾರ್ತಿ. ತಪ್ಪು ತಾರೀಖು ಅವರನ್ನು ಸಂಘಟನೆಯಿಂದ ಕಿತ್ತು ಒಂಟಿ ಮಾಡುತ್ತದೆ. ಯಜಮಾನ ಸಂಸ್ಕೃತಿಗೆ ಇಂಥ ಒಂಟಿ ಸಂತರು ಬಹಳ ಇಷ್ಟ. ಪೂಜೆ ಮಾಡಿ ಮುಗಿಸಬಹುದು. ನಮ್ಮಲ್ಲೂ ಇದೇ ಆಗಿಲ್ಲವೆ?

ಹಾಗಾದರೆ ದಾಖಲೆ ಕೇಳುವುದು ಹೇಗೆ? ಮೊದಲು ಯಾರ ಕೈಯಲ್ಲಿದೆ ಅಂತ ತಿಳಿಯಬೇಕು. ನಗರ ಪೊಲೀಸರ ಬಂಧನ ವರದಿ ಬೇರೆ, ಕೌಂಟಿ ಜೈಲಿನ ಬುಕಿಂಗ್ ಬೇರೆ, ತೀರ್ಪು ಇರುವ ಕೋರ್ಟು ಗುಮಾಸ್ತನ ಕಡತ ಬೇರೆ. ಪೂರ್ಣ ಹೆಸರು, ಹುಟ್ಟಿದ ದಿನ, ಬಂಧನದ ತಾರೀಖು, ಸಿಕ್ಕರೆ ಬುಕಿಂಗ್ ಸಂಖ್ಯೆ, ಇಷ್ಟನ್ನು ಬರೆದು ಅರ್ಜಿ ಕೊಡಬೇಕು. 1966ರ ಕೇಂದ್ರ ಮಾಹಿತಿ ಕಾಯ್ದೆ ಕೌಂಟಿಗಳಿಗೆ ಅನ್ವಯಿಸುವುದಿಲ್ಲ, ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ಬಂಧಿತರ ಹೆಸರು, ಬಂಧನದ ಮತ್ತು ಬುಕಿಂಗಿನ ಹೊತ್ತು, ಆರೋಪ, ಜಾಮೀನಿನ ಮೊತ್ತ ಇವನ್ನು ಸಾಮಾನ್ಯವಾಗಿ ಕೇಳಿದವರಿಗೆ ಕೊಡಬೇಕು. ಆದರೆ ಹೊರ ರಾಜ್ಯದವರಿಗೆ ದಾಖಲೆ ಕೊಡದಿರುವ ಹಕ್ಕು ರಾಜ್ಯಗಳಿಗಿದೆ ಎಂದು 2013ರಲ್ಲಿ, ವರ್ಜೀನಿಯಾದ ಮೊಕದ್ದಮೆಯೊಂದರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು.

ಜೈಲಿನವರು ಇಲ್ಲ ಅಂದರೆ ದಾಖಲೆ ಸತ್ತಿತು ಅಂತ ಅರ್ಥವಲ್ಲ. ಪಾರ್ಕ್ಸ್ ಅವರ 1955ರ ಬಂಧನದ ಪೊಲೀಸ್ ವರದಿ ಮತ್ತು ಬೆರಳಚ್ಚು ಇಂದು ಸಿಗುವುದು ರಾಷ್ಟ್ರೀಯ ಪತ್ರಾಗಾರದಲ್ಲಿ, ಬ್ರೌಡರ್ ಮತ್ತು ಗೇಲ್ ಮೊಕದ್ದಮೆಯ ಕಡತದೊಳಗೆ. ಬಸ್ಸಿನ ವರ್ಣಭೇದವನ್ನು ಕಾನೂನಿನಲ್ಲಿ ಉರುಳಿಸಿದ ಆ ದಾವೆಯನ್ನು 1956ರಲ್ಲಿ ನಡೆಸಿದವರು ಕಪ್ಪು ಮಹಿಳೆಯರು. ಆ ವರದಿಯಲ್ಲಿ ಡ್ರೈವರನ ಹೆಸರಿನ ಪಕ್ಕ 'ಬಿಳಿಯ ಗಂಡು' ಎಂಬುದರ ಗುರುತಿನಕ್ಷರ, ಪಾರ್ಕ್ಸ್ ಹೆಸರಿನ ಪಕ್ಕ 'ಕರಿಯ ಹೆಣ್ಣು' ಎಂಬುದರದು. ಮನುಷ್ಯರನ್ನು ವಿಂಗಡಿಸಲು ಎರಡೇ ಅಕ್ಷರ ಸಾಕಾಗಿತ್ತು. ದಮನದ ಕಾಗದ ಪ್ರತಿರೋಧದ ಕಡತದಲ್ಲಿ ಉಳಿಯಿತು ಎಂಬುದನ್ನು ಸಂಶೋಧಕರು ಮರೆಯಬಾರದು.

ಆ ದಾವೆ ಹೂಡಿದವರಲ್ಲಿ ಕ್ಲಾಡೆಟ್ ಕೋಲ್ವಿನ್ ಒಬ್ಬರು. ಪಾರ್ಕ್ಸ್ ಅವರಿಗಿಂತ ಒಂಬತ್ತು ತಿಂಗಳು ಮೊದಲೇ, 1955ರ ಮಾರ್ಚ್ 2ರಂದು, ಹದಿನೈದರ ಹುಡುಗಿಯಾಗಿದ್ದಾಗ ಸೀಟು ಬಿಡಲೊಲ್ಲದೆ ಬಂಧಿತರಾದವರು. ತಮ್ಮ ಮೇಲಿನ ದಾಖಲೆಯನ್ನು ಅಳಿಸಿ ಎಂದು ಎಂಬತ್ತೆರಡನೆಯ ವಯಸ್ಸಿನಲ್ಲಿ ಅವರು ಕೋರ್ಟಿಗೆ ಹೋದರು. 2021ರಲ್ಲಿ ಕೋರ್ಟು ಒಪ್ಪಿತು. ಚರಿತ್ರೆಕಾರ ಉಳಿಯಲಿ ಅನ್ನುವುದನ್ನು, ಹೊತ್ತು ಬದುಕಿದವಳು ಅಳಿಯಲಿ ಅನ್ನುತ್ತಾಳೆ. ಆರು ದಶಕ ಅಪರಾಧಿ ಅನ್ನಿಸಿಕೊಂಡವಳ ಮಾತೇ ಇಲ್ಲಿ ಮೊದಲು. ಇವತ್ತಿಗೂ ಬುಕಿಂಗ್ ಫೋಟೋ ಒಂದೇ ಸಾಕು, ತೀರ್ಪು ಬರುವ ಮುಂಚೆಯೇ ಕೆಲಸ, ಬಾಡಿಗೆ ಮನೆ ಕೈತಪ್ಪಲು. ಸ್ಯಾನ್ ಫ್ರಾನ್ಸಿಸ್ಕೋ ಪೊಲೀಸರು 2020ರಲ್ಲಿ ಇಂಥ ಫೋಟೋಗಳ ಬಿಡುಗಡೆಯನ್ನು ಬಹುಮಟ್ಟಿಗೆ ನಿಲ್ಲಿಸಿದ್ದು, ಅವು ವರ್ಣದ ಪೂರ್ವಗ್ರಹವನ್ನು ಬೆಳೆಸುತ್ತವೆ ಎಂಬ ಕಾರಣಕ್ಕೆ. ದಾಖಲೆ ಕೇಳುವವರು ತೀರ್ಪನ್ನೂ ಕೇಳಲೇಬೇಕು ಅನ್ನುವುದು ಬರೀ ವಿಧಾನದ ಮಾತಲ್ಲ, ನ್ಯಾಯದ ಮಾತು.

ನಮ್ಮ ಜೈಲುಗಳ ರಿಜಿಸ್ಟರಿನಲ್ಲಿದ್ದ ಜಾತಿಯ ಕಲಮನ್ನು ತೆಗೆಯಬೇಕೆಂದು ಭಾರತದ ಸುಪ್ರೀಂ ಕೋರ್ಟು ಆದೇಶಿಸಿದ್ದು 2024ರ ಅಕ್ಟೋಬರ್ 3ರಂದು. ಆ ಕಲಮು ನೋಡಿಕೊಂಡು ಕಸಬರಿಕೆ ಯಾರಿಗೆ, ಅಡಿಗೆ ಯಾರಿಗೆ ಅಂತ ಹಂಚುತ್ತಿದ್ದ ವ್ಯವಸ್ಥೆಗೆ ಆ ತೀರ್ಪು ಬೇಕೇ ಇತ್ತು. ಆದರೆ ಹಳೆಯ ರಿಜಿಸ್ಟರುಗಳು ರದ್ದಿಗೆ ಹೋಗಬಾರದು. ಜಾತಿ ನೋಡಿ ಪೊರಕೆ ಕೊಟ್ಟವರ ಕೈಬರಹ ಅಲ್ಲಿದೆ. ಕಲಮು ನಿಲ್ಲಲಿ, ಪುಸ್ತಕ ಉಳಿಯಲಿ. 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಹಿಡಿದು ಅದನ್ನು ಕೇಳುವ ಕೆಲಸ ದಲಿತ ವಿಮರ್ಶೆಯ ಕೆಲಸವೂ ಹೌದು. ಕವಿತೆ, ಕಾದಂಬರಿಗಳ ಹಾಗೆ ಜೈಲಿನ ದಫ್ತರವೂ ಒಂದು ಪಠ್ಯ. ಬರೆದವರು ಯಾರು, ಬರೆಸಿಕೊಂಡವರು ಯಾರು, ಈಗ ಬೀಗದ ಕೈ ಯಾರಲ್ಲಿದೆ ಅಂತ ನಾವು ಅಲ್ಲಿಯೂ ಕೇಳಬೇಕು.