ಎರಡೇ ಮಿಡಿತದಲ್ಲಿ ತಾಳ ಸೇರಿಸಿದ ಚಿಪ್

ಕಂಪ್ಯೂಟರಿನ ವೇಗ ಎಂದಾಗ ನಾವೆಲ್ಲ ಪ್ರೊಸೆಸರಿನ ಬಗ್ಗೆಯೇ ಮಾತಾಡುತ್ತೇವೆ. ಅದಕ್ಕೆ ಹೊತ್ತು ಹೊತ್ತಿಗೆ ಮಾಹಿತಿ ಒದಗಿಸುವ ಮೆಮೊರಿ ಚಿಪ್ಪಿನ ಚರಿತ್ರೆಯೂ ತಿಳಿಯಬೇಕಾದದ್ದೇ.

ಐಬಿಎಂನ ರಾಬರ್ಟ್ ಡೆನ್ನಾರ್ಡ್ 1968ರಲ್ಲಿ ಡೈನಾಮಿಕ್ ರ‍್ಯಾಮ್‌ಗೆ ಪೇಟೆಂಟ್ ಪಡೆದರು. 1970ರಲ್ಲಿ ಇಂಟೆಲ್ 1103 ಚಿಪ್ ಬಂತು. ಅದರಲ್ಲಿದ್ದದ್ದು 1024 ಬಿಟ್ ಮಾತ್ರ. ಅಂದಿನ ಮೆಮೊರಿ ಗಡಿಯಾರದ ತಾಳಕ್ಕೆ ಕಟ್ಟುಬಿದ್ದಿರಲಿಲ್ಲ. ಪ್ರೊಸೆಸರ್‌ಗಳ ವೇಗ ಏರಿದಂತೆ ಇದು ಸಾಲದಾಯಿತು. 1993ರಲ್ಲಿ ಜೆಡೆಕ್ ಸಂಸ್ಥೆ, ಕ್ಲಾಕ್ ಮಿಡಿತಕ್ಕೆ ಸರಿಯಾಗಿ ಕೆಲಸ ಮಾಡುವ ಎಸ್‌ಡಿರ‍್ಯಾಮ್‌ನ ಮಾನದಂಡವನ್ನು ಒಪ್ಪಿತು.

ಇಲ್ಲೊಂದು ತೊಡಕು. ಮೈದಾನದಲ್ಲಿ ಡ್ರಿಲ್ ಮಾಡಿಸುವಾಗ ಸೀಟಿಯ ಸದ್ದು 34 ಮೀಟರ್ ದೂರದ ಕೊನೆಯ ಸಾಲಿಗೆ ಸುಮಾರು 0.1 ಸೆಕೆಂಡ್ ತಡವಾಗಿ ಕೇಳುತ್ತದೆ. ಹಾಗೆಯೇ ಕ್ಲಾಕ್ ಸಂಕೇತ ಚಿಪ್ಪಿನೊಳಗೆ ಹಾದುಹೋಗುವಾಗ ಕೆಲವು ನ್ಯಾನೊಸೆಕೆಂಡ್ ತಡವಾಗುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ ಒಂದು ಮಿಡಿತವೇ 10 ನ್ಯಾನೊಸೆಕೆಂಡ್. ಆ ತಡ ಸಣ್ಣದಲ್ಲ.

ತಡವಾದದ್ದನ್ನು ಬೇಗ ಮಾಡಲಾಗದು. ಇನ್ನಷ್ಟು ತಡಮಾಡಿ ಮುಂದಿನ ಮಿಡಿತಕ್ಕೆ ಸೇರಿಸಬಹುದು. ಡಿಎಲ್ಎಲ್ ಎಂಬ ಸರ್ಕ್ಯೂಟ್ ಹೀಗೆಯೇ ಹೋಲಿಸಿ ನೋಡುತ್ತ ಸ್ವಲ್ಪ ಸ್ವಲ್ಪವೇ ತಿದ್ದುತ್ತದೆ. ಆದರೆ ಅದು ನಿಧಾನ. 2000ದಲ್ಲಿ ಪ್ರಕಟವಾದ ಡಿಡಿಆರ್ ಮಾನದಂಡದಲ್ಲಿ, ಡಿಎಲ್ಎಲ್ ಮರುಹೊಂದಿಸಿದ ಮೇಲೆ ಓದುವ ಆಜ್ಞೆ ಕೊಡಲು 200 ಮಿಡಿತ ಕಾಯಬೇಕು. ಬ್ಯಾಟರಿ ಉಳಿಸಲು ಚಿಪ್ಪನ್ನು ಮಲಗಿಸಿದರೆ ಎಬ್ಬಿಸುವಾಗ ಕಾಯಬೇಕು. ಕಾಯುವುದು ಬೇಡವೆಂದರೆ ಅದನ್ನು ಎಚ್ಚರವಾಗಿಟ್ಟು ವಿದ್ಯುತ್ ವ್ಯಯಿಸಬೇಕು.

ಇದಕ್ಕೆ ಜಪಾನಿನ ಎನ್ಇಸಿ ಕಂಪನಿಯ ಟಕನೋರಿ ಸಾಯೆಕಿ ಮತ್ತು ಸಂಗಡಿಗರು 1996ರಲ್ಲೇ ಬೇರೊಂದು ದಾರಿ ತೋರಿಸಿದ್ದರು. 250 ಮೆಗಾಹರ್ಟ್ಸ್‌ನ 256 ಮೆಗಾಬಿಟ್ ಚಿಪ್ಪಿನಲ್ಲಿ ಅವರು ಬಳಸಿದ್ದು ಕನ್ನಡಿಯ ಉಪಾಯ. ಒಬ್ಬ ಹುಡುಗನನ್ನು ಓಡಲು ಬಿಡಿ. ಗಂಟೆ ಬಾರಿಸಿದೊಡನೆ ಅವನು ತಿರುಗಿ ಅದೇ ವೇಗದಲ್ಲಿ ಓಡಿಬರಲಿ. ಹೋಗಲು ಎಷ್ಟು ಹೊತ್ತೋ ಬರಲೂ ಅಷ್ಟೇ ಹೊತ್ತು. ಅಳೆಯಲು ಬೇರೆ ಗಡಿಯಾರವೇ ಬೇಡ. ಸಂಕೇತವೂ ಹೀಗೆಯೇ. ಮೊದಲು ಅದನ್ನು ಚಿಪ್ಪಿನ ತಡದಷ್ಟೇ ತಡಮಾಡಿ ಓಡಲು ಬಿಡುತ್ತಾರೆ. ಮುಂದಿನ ಮಿಡಿತ ಬಂದಾಗ ಅದು ತಿರುಗುತ್ತದೆ. ಹೋಗಿಬರುವಷ್ಟರಲ್ಲಿ ತಡವೆಲ್ಲ ಸೇರಿ ಸರಿಯಾಗಿ ಎರಡು ಮಿಡಿತವಾಗುತ್ತದೆ. ಅಂದರೆ 8 ನ್ಯಾನೊಸೆಕೆಂಡಿನಲ್ಲಿ ತಾಳ ಕೂಡಿತು!

ಆದರೂ ಡಿಡಿಆರ್‌ನಲ್ಲಿ ಡಿಎಲ್ಎಲ್ ಉಳಿಯಿತು. ಕನ್ನಡಿಯ ವಿಧಾನದಲ್ಲಿ ಅಳತೆ ಹೆಜ್ಜೆ ಲೆಕ್ಕದಲ್ಲಿ. ಅರ್ಧ ಹೆಜ್ಜೆಯ ವ್ಯತ್ಯಾಸ ಅದಕ್ಕೆ ಕಾಣದು. ಡಿಎಲ್ಎಲ್ ನಿಧಾನವಾದರೂ ಸೂಕ್ಷ್ಮವಾಗಿ ತಿದ್ದಬಲ್ಲದು. ಮೊಬೈಲ್‌ಗಳಿಗೆಂದು ಬಂದ ಎಲ್‌ಪಿಡಿಡಿಆರ್ ಮೆಮೊರಿಯಲ್ಲಿ ವಿದ್ಯುತ್ ಉಳಿಸಲು ಡಿಎಲ್ಎಲ್‌ನ್ನೇ ಬಿಟ್ಟರು.

ಬೇಗ, ನಿಖರ, ಮಿತವ್ಯಯ ಈ ಮೂರೂ ಒಟ್ಟಿಗೆ ಸಿಗುವುದು ಕಷ್ಟ. ಯಾವ ಕೆಲಸಕ್ಕೆ ಯಾವುದು ಮುಖ್ಯ ಎಂದು ಆರಿಸಿಕೊಳ್ಳುತ್ತ ಬಂದದ್ದೇ ಮೆಮೊರಿಯ ಚರಿತ್ರೆ. ನಮ್ಮ ಮಕ್ಕಳು ಮೆಮೊರಿಯ ಗಾತ್ರದ ಜೊತೆಗೆ ಇದನ್ನೂ ಕೇಳಿ ತಿಳಿಯಲಿ.