ಪೇಟೆಂಟ್ ಅಸಿಂಧುವಾದರೆ ಆಮದು ನಿಷೇಧದ ಗತಿ ಏನು?

ಪೇಟೆಂಟ್ ಉಲ್ಲಂಘನೆಯಾಗಿದೆ ಎಂಬ ಕಾರಣಕ್ಕೆ ಸರ್ಕಾರದ ಒಂದು ಸಂಸ್ಥೆ ಸರಕಿನ ಆಮದನ್ನು ನಿಷೇಧಿಸುತ್ತದೆ. ಅದೇ ಸರ್ಕಾರದ ಮತ್ತೊಂದು ಸಂಸ್ಥೆ ಆ ಪೇಟೆಂಟನ್ನು ಕೊಟ್ಟದ್ದೇ ತಪ್ಪು ಎನ್ನುತ್ತದೆ. ಹಾಗಾದಾಗ ಬಂದರಿನಲ್ಲಿ ನಿಂತ ಸರಕನ್ನು ಬಿಡಬೇಕೇ, ಬಿಡಬಾರದೇ? ಅಮೆರಿಕದಲ್ಲಿ ಕಳೆದ ಒಂದು ದಶಕದಿಂದ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಜಾಲ ಸಾಧನ, ಡ್ರೋನ್, ಕೈಗಡಿಯಾರ ತಯಾರಿಸುವ ಕಂಪನಿಗಳ ವಹಿವಾಟು ಇದರ ಉತ್ತರವನ್ನು ಅವಲಂಬಿಸಿದೆ. ಅಲ್ಲಿನ ಆಯೋಗ ಕೊಟ್ಟಿರುವ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ, ನಿರ್ಣಾಯಕವಾಗುವುದು ಪೇಟೆಂಟಿನ ಗುಣಕ್ಕಿಂತ ಹೆಚ್ಚಾಗಿ ಯಾವ ಆದೇಶ ಮೊದಲು ಬಂತು ಎಂಬುದೇ ಎಂದು ಗೊತ್ತಾಗುತ್ತದೆ.

ಎರಡು ಸಂಸ್ಥೆ, ಎರಡು ಅಳತೆಗೋಲು

ಆಮದು ನಿಷೇಧಿಸುವ ಅಧಿಕಾರ ಇರುವುದು ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ (ಐಟಿಸಿ). 1930ರ ಸುಂಕ ಕಾಯ್ದೆಯ 337ನೇ ಸೆಕ್ಷನ್ ಇದಕ್ಕೆ ಆಧಾರ. ಈ ಆಯೋಗ ನಷ್ಟ ಪರಿಹಾರ ಕೊಡಿಸಲಾರದು. ಅದರ ಕೈಯಲ್ಲಿರುವ ಮುಖ್ಯ ಅಸ್ತ್ರ ಸರಕನ್ನು ಗಡಿಯಲ್ಲೇ ತಡೆಯುವ ಆದೇಶ. ಆದೇಶ ಹೊರಟ ಮೇಲೆ ಅಧ್ಯಕ್ಷರ ಪರಿಶೀಲನೆಗೆ 60 ದಿನಗಳ ಅವಧಿ ಇರುತ್ತದೆ. ಆ ಅವಧಿಯಲ್ಲಿ ಬಾಂಡ್ ಬರೆದುಕೊಟ್ಟು ಸರಕು ತರಿಸಿಕೊಳ್ಳಬಹುದು. ಅವಧಿ ಮುಗಿದರೆ ಕಸ್ಟಮ್ಸ್ ಅಧಿಕಾರಿಗಳು ಸರಕನ್ನು ಒಳಗೆ ಬಿಡುವುದಿಲ್ಲ. ಅಧ್ಯಕ್ಷರ ಕಡೆಯಿಂದ ಆದೇಶ ತಳ್ಳಿಹೋಗುವುದು ಅಪರೂಪ. ಆಪಲ್ ಕಂಪನಿಯ ಕೆಲವು ಹಳೆಯ ಸಾಧನಗಳ ಮೇಲಿನ ನಿಷೇಧವನ್ನು 2013ರ ಆಗಸ್ಟ್‌ನಲ್ಲಿ ಒಬಾಮ ಆಡಳಿತ ತಳ್ಳಿಹಾಕಿದಾಗ, 1987ರ ನಂತರ ಅಂಥ ಕ್ರಮ ಅದೇ ಮೊದಲನೆಯದಾಗಿತ್ತು.

ಪೇಟೆಂಟಿನ ಸಿಂಧುತ್ವವನ್ನು ಮರುಪರಿಶೀಲಿಸುವುದು ಪೇಟೆಂಟ್ ಕಚೇರಿಯ ವಿಚಾರಣೆ ಮತ್ತು ಮೇಲ್ಮನವಿ ಮಂಡಳಿ (ಪಿಟಿಎಬಿ). 2011ರ ಕಾಯ್ದೆಯಿಂದ ಹುಟ್ಟಿದ ಈ ವ್ಯವಸ್ಥೆ 2012ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅರ್ಜಿ ವಿಚಾರಣೆಗೆ ಅಂಗೀಕಾರವಾದ ಬಳಿಕ ಸಾಮಾನ್ಯವಾಗಿ ಒಂದು ವರ್ಷದೊಳಗೆ ಮಂಡಳಿ ತೀರ್ಮಾನ ನೀಡಬೇಕು.

ಈ ಎರಡು ಸಂಸ್ಥೆಗಳು ಬಳಸುವ ಅಳತೆಗೋಲು ಒಂದೇ ಅಲ್ಲ. ಪೇಟೆಂಟ್ ಸಿಂಧು ಎಂಬ ಪೂರ್ವಗ್ರಹಿಕೆಯಿಂದಲೇ ಆಯೋಗದ ವಿಚಾರಣೆ ಆರಂಭವಾಗುತ್ತದೆ. ಅದನ್ನು ಅಲ್ಲಗಳೆಯಲು ಸ್ಪಷ್ಟವಾದ, ಮನವರಿಕೆಯಾಗುವಂಥ ಸಾಕ್ಷ್ಯ ಬೇಕು. ಮಂಡಳಿಯ ಮುಂದೆ ಅಷ್ಟು ಭಾರ ಹೊರಬೇಕಿಲ್ಲ. ಸಾಕ್ಷ್ಯದ ತಕ್ಕಡಿ ಒಂದಿಷ್ಟು ಅರ್ಜಿದಾರರ ಕಡೆ ವಾಲಿದರೆ ಸಾಕು. ಹೀಗಾಗಿ ಅದೇ ಪೇಟೆಂಟ್, ಹೆಚ್ಚುಕಡಿಮೆ ಅದೇ ವಾದ ಒಂದು ಕಡೆ ಸೋತು ಇನ್ನೊಂದು ಕಡೆ ಗೆಲ್ಲುವುದು ಸಾಧ್ಯ. ಎರಡು ತೀರ್ಮಾನಗಳೂ ಕಾನೂನಿನ ದೃಷ್ಟಿಯಲ್ಲಿ ಸರಿಯಾಗಿಯೇ ಇರಬಹುದು.

ತೀರ್ಮಾನಕ್ಕೂ ರದ್ದತಿಗೂ ನಡುವಿನ ಅಂತರ

ಮಂಡಳಿ ಅಸಿಂಧು ಎಂದ ಕೂಡಲೇ ಪೇಟೆಂಟ್ ರದ್ದಾಗುವುದಿಲ್ಲ. ಪೇಟೆಂಟ್‌ದಾರರು ಫೆಡರಲ್ ಸರ್ಕ್ಯೂಟ್ ಎಂದು ಕರೆಯಲಾಗುವ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿಯೂ ಸೋತು, ಮೇಲ್ಮನವಿಗಳೆಲ್ಲ ಮುಗಿದ ಬಳಿಕ ಪೇಟೆಂಟ್ ಕಚೇರಿ ರದ್ದತಿ ಪ್ರಮಾಣಪತ್ರ ಹೊರಡಿಸುತ್ತದೆ. ಅಲ್ಲಿಯವರೆಗೂ ಪೇಟೆಂಟ್ ಕಡತದಲ್ಲಿ ಜೀವಂತವಾಗಿರುತ್ತದೆ. ಇದಕ್ಕೆ ಒಂದು ವರ್ಷ ಹಿಡಿಯಬಹುದು, ಎರಡು ವರ್ಷಕ್ಕೂ ಹೆಚ್ಚು ಹಿಡಿಯಬಹುದು.

ಸುಂಕ ಕಾಯ್ದೆಯ ಪ್ರಕಾರ, ನಿಷೇಧಕ್ಕೆ ಕಾರಣವಾದ ಪರಿಸ್ಥಿತಿ ಇನ್ನಿಲ್ಲ ಎಂದು ಆಯೋಗಕ್ಕೆ ಕಂಡುಬರುವವರೆಗೆ ಆದೇಶ ಜಾರಿಯಲ್ಲಿರುತ್ತದೆ. ಈ ಮಧ್ಯಂತರದಲ್ಲಿ ‘ಪರಿಸ್ಥಿತಿ ಬದಲಾಗಿದೆ’ ಎನ್ನಬೇಕೇ ಬೇಡವೇ ಎಂಬುದೇ ವಿವಾದದ ತಿರುಳು.

ಸಿಸ್ಕೊ–ಅರಿಸ್ಟಾ: ನಿಷೇಧ ಮೊದಲು ಬಂದಾಗ

ಜಾಲ ಸಾಧನ ತಯಾರಿಸುವ ಸಿಸ್ಕೊ ಮತ್ತು ಅರಿಸ್ಟಾ ಕಂಪನಿಗಳ ಕಲಹ ಇದಕ್ಕೆ ಪ್ರಮುಖ ನಿದರ್ಶನ. ಸಿಸ್ಕೊ ದೂರಿನ ಮೇರೆಗೆ ಆಯೋಗ 2017ರ ಮೇ ತಿಂಗಳ ಆರಂಭದಲ್ಲಿ ಎರಡು ಪೇಟೆಂಟ್‌ಗಳ ಆಧಾರದ ಮೇಲೆ ಅರಿಸ್ಟಾ ಸ್ವಿಚ್‌ಗಳ ಆಮದನ್ನು ನಿಷೇಧಿಸಿತು. ಕೆಲವೇ ವಾರಗಳಲ್ಲಿ ಮಂಡಳಿ ಆ ಎರಡೂ ಪೇಟೆಂಟ್‌ಗಳ ಸಂಬಂಧಿತ ಅಂಶಗಳು ಅಸಿಂಧು ಎಂದು ತೀರ್ಮಾನಿಸಿತು.

ನಿಷೇಧವನ್ನು ಅಮಾನತಿನಲ್ಲಿಡುವಂತೆ ಅರಿಸ್ಟಾ ಕೋರಿತು. 2017ರ ಜುಲೈನಲ್ಲಿ ಆಯೋಗ ಇದಕ್ಕೆ ಒಪ್ಪಲಿಲ್ಲ. ಮೇಲ್ಮನವಿ ಬಾಕಿ ಇರುವವರೆಗೆ ಪೇಟೆಂಟ್‌ನ ಕಾನೂನು ಸ್ಥಾನಮಾನ ಬದಲಾಗಿಲ್ಲ ಎಂಬುದು ಅದರ ನಿಲುವು. 2018ರ ಫೆಬ್ರುವರಿಯಲ್ಲಿ ಫೆಡರಲ್ ಸರ್ಕ್ಯೂಟ್ ಒಂದು ಪೇಟೆಂಟ್ ಕುರಿತ ಮಂಡಳಿಯ ತೀರ್ಮಾನವನ್ನು ಎತ್ತಿಹಿಡಿಯಿತು. ಏಪ್ರಿಲ್‌ನಲ್ಲಿ ಆಯೋಗ ಆ ಪೇಟೆಂಟಿನ ಮಟ್ಟಿಗೆ ತನ್ನ ಆದೇಶವನ್ನು ಅಮಾನತಿನಲ್ಲಿಟ್ಟಿತು. ಅಷ್ಟರಲ್ಲಿ ಅರಿಸ್ಟಾ ತನ್ನ ಉತ್ಪನ್ನಗಳ ವಿನ್ಯಾಸವನ್ನು ಬದಲಿಸಿ ವ್ಯಾಪಾರ ಉಳಿಸಿಕೊಳ್ಳುವ ದಾರಿ ಹಿಡಿದಿತ್ತು. 2018ರ ಆಗಸ್ಟ್‌ನಲ್ಲಿ ಉಭಯ ಕಂಪನಿಗಳು ರಾಜಿಯಾದವು. ಅರಿಸ್ಟಾ 40 ಕೋಟಿ ಡಾಲರ್ ಕೊಡಲು ಒಪ್ಪಿತು.

ಮಂಡಳಿಯ ತೀರ್ಮಾನ ಮೊದಲು ಬಂದಾಗ

ಕ್ರಮ ತಿರುವುಮುರುವಾದಾಗ ಆಯೋಗದ ಧೋರಣೆಯೂ ಬೇರೆಯಾಗಿದೆ. ಮೂರು ಆಯಾಮದ ಸಿನಿಮಾ ಪ್ರದರ್ಶನ ವ್ಯವಸ್ಥೆ ಕುರಿತ ರಿಯಲ್‌ಡಿ ಕಂಪನಿಯ ದೂರಿನಲ್ಲಿ, 2016ರಲ್ಲಿ ಆಯೋಗ ಅಂತಿಮ ಆದೇಶ ನೀಡುವ ಮುನ್ನವೇ ಒಂದು ಪೇಟೆಂಟಿನ ಅಂಶಗಳನ್ನು ಮಂಡಳಿ ಅಸಿಂಧು ಎಂದಿತ್ತು. ಆಯೋಗ ನಿಷೇಧ ಹೊರಡಿಸಿದರೂ ಆ ಅಂಶಗಳ ಮಟ್ಟಿಗೆ ಜಾರಿಯನ್ನು ತಡೆಹಿಡಿಯಿತು. 2020ರ ಆಗಸ್ಟ್‌ನಲ್ಲಿ ಚೀನಾದ ಡಿಜೆಐ ಕಂಪನಿಯ ಡ್ರೋನ್‌ಗಳ ವಿರುದ್ಧ ಆಟೆಲ್ ಕಂಪನಿ ಪಡೆದ ಆದೇಶದಲ್ಲೂ ಹೀಗೆಯೇ ಆಯಿತು.

ಎಲ್ಲಕ್ಕಿಂತ ಹೆಚ್ಚು ಸುದ್ದಿಯಾದದ್ದು ಅಲೈವ್‌ಕೋರ್–ಆಪಲ್ ಪ್ರಕರಣ. ಹೃದಯ ಬಡಿತದ ಇಸಿಜಿ ದಾಖಲಿಸುವ ತಂತ್ರಜ್ಞಾನವನ್ನು ಆಪಲ್ ಕೈಗಡಿಯಾರ ಬಳಸಿಕೊಂಡಿದೆ ಎಂದು ಅಲೈವ್‌ಕೋರ್ 2021ರ ಏಪ್ರಿಲ್‌ನಲ್ಲಿ ದೂರು ಕೊಟ್ಟಿತು. 2022ರ ಡಿಸೆಂಬರ್ 6ರಂದು ಮಂಡಳಿ ಆ ಪೇಟೆಂಟ್‌ಗಳ ಅಂಶಗಳನ್ನು ಅಸಿಂಧು ಎಂದಿತು. ಅದೇ ತಿಂಗಳ 22ರಂದು ಆಯೋಗ ಉಲ್ಲಂಘನೆಯಾಗಿದೆ ಎಂದು ಹೇಳಿ ನಿಷೇಧ ಹೊರಡಿಸಿತು. ಆದರೆ ಮೇಲ್ಮನವಿ ಇತ್ಯರ್ಥವಾಗುವವರೆಗೆ ಆದೇಶವನ್ನು ಅಮಾನತಿನಲ್ಲಿಟ್ಟಿತು. 2025ರ ಮಾರ್ಚ್ 7ರಂದು ಫೆಡರಲ್ ಸರ್ಕ್ಯೂಟ್ ಮಂಡಳಿಯ ತೀರ್ಮಾನವನ್ನು ಎತ್ತಿಹಿಡಿದುದರಿಂದ ನಿಷೇಧಕ್ಕೆ ಆಧಾರವೇ ಉಳಿಯಲಿಲ್ಲ. ಈ ಎರಡು ವರ್ಷಗಳಲ್ಲಿ ಅಲೈವ್‌ಕೋರ್ ದೂರಿನ ಕಾರಣಕ್ಕೆ ಒಂದು ಕೈಗಡಿಯಾರವೂ ಗಡಿಯಲ್ಲಿ ನಿಲ್ಲಲಿಲ್ಲ.

ಇದನ್ನು ಮಾಸಿಮೊ ಕಂಪನಿಯ ದೂರಿನೊಂದಿಗೆ ಬೆರೆಸಬಾರದು. ರಕ್ತದ ಆಮ್ಲಜನಕ ಅಳೆಯುವ ತಂತ್ರಜ್ಞಾನದ ಆ ಪ್ರಕರಣದಲ್ಲಿ, ನಿಷೇಧಕ್ಕೆ ಆಧಾರವಾದ ಪೇಟೆಂಟ್ ಅಂಶಗಳು ಮಂಡಳಿಯ ಮುಂದೆ ಬಿದ್ದಿರಲಿಲ್ಲ. ನಿಷೇಧ 2023ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಅಲ್ಪಕಾಲದ ತಡೆಯಾಜ್ಞೆ ತೆರವಾದ ಬಳಿಕ, 2024ರ ಜನವರಿಯಲ್ಲಿ ಆಪಲ್ ಅಮೆರಿಕದಲ್ಲಿ ಆ ಸೌಲಭ್ಯವನ್ನು ತೆಗೆದು ಕೈಗಡಿಯಾರ ಮಾರಬೇಕಾಯಿತು.

ನಷ್ಟ ಯಾರ ಪಾಲಿಗೆ?

ಅಮಾನತಿನ ಪ್ರಶ್ನೆ ಎಂದರೆ ಕಾಯುವ ಕಾಲದ ನಷ್ಟವನ್ನು ಯಾರು ಹೊರಬೇಕು ಎಂಬ ಪ್ರಶ್ನೆ. ನಿಷೇಧ ಮುಂದುವರಿದು, ಕೊನೆಗೆ ಪೇಟೆಂಟ್ ರದ್ದಾದರೆ ಆಮದುದಾರ ಕಳೆದುಕೊಂಡ ಮಾರುಕಟ್ಟೆ ಹಿಂದಕ್ಕೆ ಬಾರದು. ಅಂತಿಮ ನಿಷೇಧಾಜ್ಞೆ ಪಡೆಯಲು ದೂರುದಾರ ಠೇವಣಿ ಇಡಬೇಕೆಂಬ ನಿಯಮವೂ ಅಲ್ಲಿಲ್ಲ. ನಿಷೇಧ ತಡೆದು, ಮೇಲ್ಮನವಿಯಲ್ಲಿ ಪೇಟೆಂಟ್ ಉಳಿದುಕೊಂಡರೆ ನಷ್ಟ ಆವಿಷ್ಕಾರಕನ ಪಾಲಿಗೆ. ಪೇಟೆಂಟಿನ ಅವಧಿ ಸೀಮಿತವಾದುದರಿಂದ ಹೋದ ದಿನಗಳು ಅವನಿಗೂ ಮರಳಿ ಸಿಗುವುದಿಲ್ಲ. ದೊಡ್ಡ ಕಂಪನಿಯ ಎದುರು ನಿಂತ ಸಣ್ಣ ಕಂಪನಿಗೆ ಈ ಪೆಟ್ಟು ಹೆಚ್ಚು.

ಆದ್ದರಿಂದಲೇ ಆಪಾದಿತ ಕಂಪನಿಗಳು ಆಯೋಗದಲ್ಲಿ ದೂರು ದಾಖಲಾದೊಡನೆ ಮಂಡಳಿಯ ಬಾಗಿಲು ತಟ್ಟಲು ಧಾವಿಸುತ್ತವೆ. ಆದರೆ ಆ ಬಾಗಿಲು ಈಗ ಕಿರಿದಾಗಿದೆ. ಆಯೋಗದಲ್ಲಿ ವಿಚಾರಣೆ ನಡೆಯುತ್ತಿದೆ ಎಂಬ ಕಾರಣಕ್ಕೆ ಅರ್ಜಿ ನಿರಾಕರಿಸುವುದಿಲ್ಲ ಎಂದು ಪೇಟೆಂಟ್ ಕಚೇರಿ 2022ರ ಜೂನ್‌ನಲ್ಲಿ ಹೇಳಿತ್ತು. 2025ರ ಆರಂಭದಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡು, ಅಂಥ ಅರ್ಜಿಗಳನ್ನು ವಿವೇಚನೆಯ ಮೇರೆಗೆ ನಿರಾಕರಿಸಬಹುದು ಎಂದು ಸ್ಪಷ್ಟಪಡಿಸಿತು. ಮಂಡಳಿಯ ತೀರ್ಮಾನವೇ ಬಾರದಿದ್ದರೆ ಅಮಾನತು ಕೇಳಲು ಅದರ ಆಧಾರವೂ ಸಿಗದು.

ಭಾರತದ ಅನುಭವ

ನಮ್ಮಲ್ಲಿಯೂ ಇಂಥದೇ ತೊಡಕು ಬಂದಿತ್ತು. 2007ರಲ್ಲಿ ಜಾರಿಗೆ ಬಂದ ಬೌದ್ಧಿಕ ಆಸ್ತಿ ಹಕ್ಕುಗಳ (ಆಮದು ಸರಕು) ಜಾರಿ ನಿಯಮಗಳು ಪೇಟೆಂಟ್ ಹಕ್ಕನ್ನೂ ಕಸ್ಟಮ್ಸ್‌ನಲ್ಲಿ ನೋಂದಾಯಿಸಲು ಅವಕಾಶ ಕೊಟ್ಟವು. ಎರಡು ಸಿಮ್ ಹಾಕಬಹುದಾದ ಮೊಬೈಲ್ ಫೋನ್‌ಗೆ 2008ರಲ್ಲಿ ಪೇಟೆಂಟ್ ಪಡೆದಿದ್ದ ತಮಿಳುನಾಡಿನ ಆವಿಷ್ಕಾರಕರೊಬ್ಬರು ಈ ನಿಯಮವನ್ನು ಬಳಸಿಕೊಂಡರು. 2009ರಲ್ಲಿ ಹಲವು ಕಂಪನಿಗಳ ಫೋನ್‌ಗಳ ಆಮದಿಗೆ ತಡೆ ಎದುರಾಯಿತು. 2012ರ ಜೂನ್‌ನಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ಆ ಪೇಟೆಂಟನ್ನು ರದ್ದುಪಡಿಸಿತು.

ಅದೇ ವರ್ಷದ ಜುಲೈನಲ್ಲಿ, ಎಲ್‌ಜಿ ಕಂಪನಿಯ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ ಪೇಟೆಂಟ್ ಉಲ್ಲಂಘನೆಯನ್ನು ಕಸ್ಟಮ್ಸ್ ಅಧಿಕಾರಿಗಳು ತಾವೇ ತೀರ್ಮಾನಿಸಿ ಸರಕು ತಡೆಯುವಂತಿಲ್ಲ ಎಂದಿತು. ಮುದ್ರೆಯನ್ನೋ ಹೆಸರನ್ನೋ ನೋಡಿ ನಕಲಿ ಸರಕು ಪತ್ತೆ ಹಚ್ಚಬಹುದು. ಪೇಟೆಂಟ್ ಉಲ್ಲಂಘನೆಯನ್ನು ಪೆಟ್ಟಿಗೆ ತೆರೆದು ನೋಡಿ ಹೇಳಲಾಗದು.

ಕೊನೆಗೆ 2018ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಯಮಗಳಿಗೆ ತಿದ್ದುಪಡಿ ತಂದು ಪೇಟೆಂಟನ್ನು ಅವುಗಳ ವ್ಯಾಪ್ತಿಯಿಂದ ಹೊರಗಿಟ್ಟಿತು. ಪೇಟೆಂಟ್‌ದಾರರು ಈಗ ನ್ಯಾಯಾಲಯದಿಂದ ತಡೆಯಾಜ್ಞೆ ತರಬೇಕು. ಉಳಿದ ಹಕ್ಕುಗಳಿಗೂ ಒಂದು ಷರತ್ತು ಸೇರಿತು. ನೋಂದಾಯಿತ ಹಕ್ಕು ರದ್ದಾದರೆ ಅಥವಾ ಅಮಾನತುಗೊಂಡರೆ ಹಕ್ಕುದಾರರೇ ಒಂದು ತಿಂಗಳೊಳಗೆ ಕಸ್ಟಮ್ಸ್ ಆಯುಕ್ತರಿಗೆ ತಿಳಿಸಬೇಕು. ಆಯುಕ್ತರು ಅದರಂತೆ ರಕ್ಷಣೆಯನ್ನು ತಿದ್ದಬಹುದು ಅಥವಾ ರದ್ದುಪಡಿಸಬಹುದು. ಆಮದುದಾರರಿಗೆ ಆಗಬಹುದಾದ ನಷ್ಟಕ್ಕೆ ಹೊಣೆ ಹೊರುವ ಬಾಂಡ್ ಬರೆದುಕೊಡಬೇಕೆಂಬ ನಿಯಮ ಮೊದಲಿನಿಂದಲೂ ಇದೆ.

ಎರಡು ದೇಶಗಳ ಕಾನೂನಿನಲ್ಲಿ ಬುಡದಲ್ಲೇ ಒಂದು ವ್ಯತ್ಯಾಸವಿದೆ. ಅಮೆರಿಕದ ಕಾನೂನು ಪೇಟೆಂಟನ್ನು ಸಿಂಧು ಎಂದೇ ಭಾವಿಸುತ್ತದೆ. ಪೇಟೆಂಟ್ ಕೊಟ್ಟ ಮಾತ್ರಕ್ಕೆ ಅದರ ಸಿಂಧುತ್ವಕ್ಕೆ ಖಾತರಿ ಇಲ್ಲ ಎಂದು ಭಾರತದ 1970ರ ಪೇಟೆಂಟ್ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಗಡಿಯಲ್ಲಿ ಸರಕು ತಡೆಯುವ ಅಧಿಕಾರವನ್ನು ಎಷ್ಟು ಬೇಗ ಬಳಸಬೇಕು, ಎಷ್ಟು ಬೇಗ ಹಿಂತೆಗೆದುಕೊಳ್ಳಬೇಕು ಎಂಬ ಚರ್ಚೆ ಈ ಎರಡು ನಂಬಿಕೆಗಳ ನಡುವೆಯೇ ನಡೆಯಬೇಕಿದೆ.