ಎರಡು ಗಡಿಯಾರ, ಒಂದು ಲಯ: ಸಂಗೀತ ತಂತ್ರಾಂಶಗಳ ಕಾಲಹೊಂದಾಣಿಕೆಯ ಚರಿತ್ರೆ

ಸ್ವಂತ ಗಡಿಯಾರವುಳ್ಳ ಎರಡು ಸಂಗೀತ ಯಂತ್ರಗಳನ್ನು ಒಂದೇ ಕ್ಷಣದಲ್ಲಿ ಚಾಲೂ ಮಾಡಿ, ಎರಡಕ್ಕೂ ಒಂದೇ ವೇಗವನ್ನು ಗೊತ್ತುಪಡಿಸಿದರೂ, ಹಾಡು ಮುಗಿಯುವ ಹೊತ್ತಿಗೆ ಅವು ಒಂದೇ ಕಡೆ ಇರುವುದಿಲ್ಲ. ಇಂದಿನ ಯಂತ್ರಗಳ ಕಾಲಗಣನೆಗೆಲ್ಲ ಆಧಾರವಾಗಿರುವ ಸ್ಫಟಿಕದ ಹರಳು ವಿದ್ಯುತ್ತು ಹರಿದಾಗ ಗೊತ್ತಾದ ವೇಗದಲ್ಲಿ ಕಂಪಿಸುತ್ತದೆಯಾದರೂ, ಯಾವ ಎರಡು ಹರಳುಗಳ ಕಂಪನವೂ ತೀರಾ ಒಂದೇ ಆಗಿರುವುದಿಲ್ಲ. ಅವುಗಳ ನಡುವಿನ ಅಂತರ ಹತ್ತು ಲಕ್ಷಕ್ಕೆ ಐವತ್ತರಷ್ಟೇ ಎಂದಿಟ್ಟುಕೊಂಡರೂ ಐದು ನಿಮಿಷದ ಹಾಡಿನ ಕೊನೆಗೆ ಅದು 15 ಮಿಲಿಸೆಕೆಂಡುಗಳಿಗೆ, ಅಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಹದಿನೈದು ಭಾಗಕ್ಕೆ, ಬೆಳೆದಿರುತ್ತದೆ. ಡೋಲಿನ ಪೆಟ್ಟೂ ಬೇಸ್ ಸ್ವರವೂ ಇಷ್ಟು ಅಗಲಿ ಕೇಳಿದರೆ ಸಂಗೀತದ ಬಿಗಿ ಸಡಿಲುತ್ತದೆ. ಇನ್ನೂ ಚಿಕ್ಕ ಅಂತರಗಳೂ ಹಾನಿ ಮಾಡದೆ ಬಿಡುವುದಿಲ್ಲ: ಒಂದೇ ಧ್ವನಿಯ ಎರಡು ಪ್ರತಿಗಳು ಒಂದೇ ಒಂದು ಮಿಲಿಸೆಕೆಂಡು ಹಿಂದುಮುಂದಾಗಿ ಕೂಡಿದಾಗ 500 ಹರ್ಟ್ಸ್, 1500 ಹರ್ಟ್ಸ್, 2500 ಹರ್ಟ್ಸ್ ಹೀಗೆ ಸಾಲಾಗಿ ಹಲವು ಕಂಪನಾಂಕಗಳು ಪರಸ್ಪರ ಅಳಿಸಿಹೋಗಿ, ಧ್ವನಿ ಟೊಳ್ಳಾಗಿ ಕೇಳುತ್ತದೆ. ಈ ತೊಡಕಿಗೆ ಎಂಬತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಕಂಡುಕೊಂಡ ಪರಿಹಾರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಎಲ್ಲವೂ ಒಂದೇ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳೆಂಬುದು ತಿಳಿಯುತ್ತದೆ: ಕಾಲವನ್ನು ಎಣಿಸುವ ಅಧಿಕಾರ ಯಾರ ಕೈಯಲ್ಲಿರಬೇಕು?

ಮೊದಲ ಉತ್ತರ ಬಂದದ್ದು ಚಲನಚಿತ್ರದಿಂದ. 1920ರ ದಶಕದ ಕೊನೆಯಲ್ಲಿ, ಮಾತಿನ ಚಿತ್ರಗಳು ಕಣ್ಣುಬಿಡುತ್ತಿದ್ದ ಕಾಲದಲ್ಲಿ, ವಾಲ್ಟ್ ಡಿಸ್ನಿಯ ಕಾರ್ಟೂನುಗಳಿಗೆ ಸಂಗೀತ ಹೊಂದಿಸುತ್ತಿದ್ದ ಕಾರ್ಲ್ ಸ್ಟಾಲಿಂಗ್ ಮತ್ತು ಸಂಗಡಿಗರು ಕ್ಲಿಕ್ ಟ್ರ್ಯಾಕ್ ಎಂಬ ವಿಧಾನವನ್ನು ರೂಢಿಗೆ ತಂದರು. ಫಿಲ್ಮಿನ ಧ್ವನಿಪಥದಲ್ಲಿ ಸಮಾನ ಅಂತರಗಳಲ್ಲಿ ರಂಧ್ರ ಕೊರೆದರೆ, ಪ್ರತಿ ರಂಧ್ರವೂ ಓದುವ ತಲೆಯನ್ನು ದಾಟುವಾಗ ಟಿಕ್ ಎಂಬ ಸದ್ದು ಹುಟ್ಟುತ್ತದೆ. ವಾದಕರು ಆ ಸದ್ದನ್ನು ಕಿವಿಗೆ ಹಾಕಿಕೊಂಡು ನುಡಿಸುತ್ತಾರೆ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವುದರಿಂದ ಹನ್ನೆರಡು ಚೌಕಟ್ಟಿಗೊಂದು ರಂಧ್ರವೆಂದರೆ ನಿಮಿಷಕ್ಕೆ 120 ಎಣಿಕೆಯ ವೇಗವಾಗುತ್ತದೆ, ಮತ್ತು ಇನ್ನೂ ಸೂಕ್ಷ್ಮವಾದ ವೇಗ ಬೇಕಾದಾಗ ಒಂದು ಚೌಕಟ್ಟನ್ನೇ ಎಂಟು ಭಾಗ ಮಾಡಿ ರಂಧ್ರದ ಜಾಗವನ್ನು ಗುರುತಿಸುತ್ತಿದ್ದರು. ಕಾಲದ ಒಡೆತನ ಇಲ್ಲಿ ಚಿತ್ರದ್ದು, ಅದನ್ನು ಅನುಸರಿಸುವ ಕೆಲಸ ಮನುಷ್ಯನದು. ಅನುಸರಿಸುವವನಿಗೆ ಬುದ್ಧಿ ಇದ್ದುದರಿಂದ ಈ ಏರ್ಪಾಡು ಸುಲಭವಾಗಿ ನಡೆಯಿತು.

ಯಂತ್ರವೇ ಯಂತ್ರವನ್ನು ಅನುಸರಿಸಬೇಕಾಗಿ ಬಂದಾಗ ಬರಿಯ ಟಿಕ್ ಸಾಲದಾಯಿತು. 1960ರ ದಶಕದ ಕೊನೆಯಲ್ಲಿ ವಿಡಿಯೊ ಟೇಪಿನ ಸಂಕಲನಕ್ಕಾಗಿ ಅಮೆರಿಕದಲ್ಲಿ ರೂಪುಗೊಂಡು, ಚಲನಚಿತ್ರ ಮತ್ತು ದೂರದರ್ಶನ ಎಂಜಿನಿಯರುಗಳ ಸಂಘವು ಮಾನಕವೆಂದು ಒಪ್ಪಿದ ಟೈಮ್‌ಕೋಡ್ ಪ್ರತಿ ಚೌಕಟ್ಟಿಗೂ ಗಂಟೆ, ನಿಮಿಷ, ಸೆಕೆಂಡು ಮತ್ತು ಚೌಕಟ್ಟಿನ ಸಂಖ್ಯೆಯನ್ನು ಒಳಗೊಂಡ 80 ಬಿಟ್‌ಗಳ ವಿಳಾಸವೊಂದನ್ನು ಕೊಟ್ಟಿತು. ಈ ವಿಳಾಸಗಳನ್ನು ಕರ್ಕಶವಾದ ಧ್ವನಿಯ ರೂಪದಲ್ಲಿ ಟೇಪಿನ ಒಂದು ಪಥದ ಮೇಲೆಯೇ ಮುದ್ರಿಸಬಹುದಾಗಿದ್ದರಿಂದ, ಎರಡನೆಯ ಟೇಪ್ ಯಂತ್ರವು ಅದನ್ನು ಓದಿಕೊಂಡು ತನ್ನ ಮೋಟಾರಿನ ವೇಗವನ್ನು ಏರಿಸುತ್ತಲೋ ಇಳಿಸುತ್ತಲೋ ಮೊದಲನೆಯದರ ಜೊತೆ ಓಡತೊಡಗಿತು. ಅಮೆರಿಕದ ಬಣ್ಣದ ಟೆಲಿವಿಷನ್ ಸೆಕೆಂಡಿಗೆ ಮೂವತ್ತಕ್ಕೆ ತುಸು ಕಡಿಮೆ, ಸುಮಾರು 29.97 ಚೌಕಟ್ಟುಗಳಂತೆ ಓಡುತ್ತಿದ್ದುದರಿಂದ ಟೈಮ್‌ಕೋಡಿನ ಗಡಿಯಾರ ಗೋಡೆಯ ಗಡಿಯಾರಕ್ಕಿಂತ ಗಂಟೆಗೆ 3.6 ಸೆಕೆಂಡು ಹಿಂದೆ ಬೀಳುತ್ತಿತ್ತು; ಇದನ್ನು ಸರಿದೂಗಿಸಲು ಪ್ರತಿ ನಿಮಿಷದ ಆರಂಭದಲ್ಲಿ ಎರಡು ಸಂಖ್ಯೆಗಳನ್ನು ಹಾರಿಸಿ, ಹತ್ತನೆಯ ನಿಮಿಷಗಳಲ್ಲಿ ಮಾತ್ರ ಹಾರಿಸದೆ ಬಿಡುವ ಪದ್ಧತಿ ಬಂತು. ಸೆಕೆಂಡಿಗೆ 25 ಚೌಕಟ್ಟುಗಳ ಪಾಲ್ ಪದ್ಧತಿಯನ್ನು ಆರಿಸಿಕೊಂಡ ಭಾರತಕ್ಕೆ ಈ ಗೋಜಲು ತಟ್ಟಲಿಲ್ಲ. ಆದರೆ ಟೈಮ್‌ಕೋಡ್ ಬಲ್ಲದ್ದು ಗಂಟೆ ನಿಮಿಷಗಳನ್ನು ಮಾತ್ರ, ಹಾಡಿನ ಎಣಿಕೆಯನ್ನಾಗಲಿ ಆವರ್ತವನ್ನಾಗಲಿ ಅಲ್ಲ.

ಎಣಿಕೆಯ ಭಾಷೆಯನ್ನು ಯಂತ್ರಗಳಿಗೆ ಕಲಿಸಿದ್ದು ಜಪಾನಿನ ರೋಲಂಡ್ ಕಂಪನಿ. 1980ರ ಟಿಆರ್-808 ಎಂಬ ತಾಳಯಂತ್ರಕ್ಕೂ ಮರುವರ್ಷದ ಟಿಬಿ-303 ಎಂಬ ಬೇಸ್ ಯಂತ್ರಕ್ಕೂ ಐದು ಪಿನ್ನುಗಳ ಒಂದು ಕಿಂಡಿಯಿತ್ತು. ಅವೆರಡನ್ನು ಕೇಬಲಿನಿಂದ ಜೋಡಿಸಿದರೆ ಮುಂದಿನ ಯಂತ್ರ ಪ್ರತಿ ಎಣಿಕೆಗೆ 24 ವಿದ್ಯುತ್ ಮಿಡಿತಗಳನ್ನು ಕಳಿಸುತ್ತಿತ್ತು, ಹಿಂದಿನದು ಅವನ್ನು ಎಣಿಸಿಕೊಂಡು ಹೆಜ್ಜೆ ಹಾಕುತ್ತಿತ್ತು. ಕೊರ್ಗ್ ಎಣಿಕೆಗೆ 48 ಮಿಡಿತಗಳನ್ನೂ ಓಬರ್‌ಹೈಮ್ 96ನ್ನೂ ಆರಿಸಿಕೊಂಡಿದ್ದರಿಂದ ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದನ್ನೊಂದು ಅರಿಯುತ್ತಿರಲಿಲ್ಲ. ರೋಲಂಡಿನ ಆ ಎರಡು ಯಂತ್ರಗಳ ಜೋಡಿಯ ಸಾಧ್ಯತೆಯನ್ನು ಬಹಳ ಬೇಗ ಕಂಡುಕೊಂಡವರಲ್ಲಿ ಮುಂಬಯಿಯ ಚಿತ್ರಸಂಗೀತ ವಾದಕ ಚರಣ್‌ಜಿತ್ ಸಿಂಗ್ ಒಬ್ಬರು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಅನ್ಯಾಯವಾದೀತು. ಇವೇ ಎರಡು ಯಂತ್ರಗಳ ಜೊತೆಗೆ ಜುಪಿಟರ್-8 ಸಿಂಥಸೈಜರನ್ನು ಇಟ್ಟುಕೊಂಡು ಅವರು 1982ರಲ್ಲಿ ಭೈರವಿ, ಲಲಿತ್, ಯಮನ್, ಮಾಲ್ಕೌನ್ಸ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೊ ಲಯದ ಮೇಲೆ ಕೂರಿಸಿದರು. ಕೊಳ್ಳುವವರಿಲ್ಲದೆ ಮರೆಯಾದ ಆ ಧ್ವನಿತಟ್ಟೆ 2010ರಲ್ಲಿ ಮರುಪ್ರಕಟವಾದಾಗ, ಟಿಬಿ-303ನ್ನು ಜಗತ್ತಿಗೆ ಪರಿಚಯಿಸಿದವೆಂದು ನಂಬಲಾಗಿದ್ದ 1987ರ ಸುಮಾರಿನ ಶಿಕಾಗೊ ಧ್ವನಿಮುದ್ರಣಗಳಿಗಿಂತ ಅದು ಐದು ವರ್ಷ ಮುಂಚಿನದೆಂದು ಕೇಳುಗರು ಬೆರಗಾದರು.

ಕಂಪನಿಗಳ ನಡುವಿನ ಈ ಗೋಡೆಯನ್ನು ಒಡೆದದ್ದು ಮಿಡಿ ಎಂಬ ಸಾರ್ವತ್ರಿಕ ಒಪ್ಪಂದ. ಅಮೆರಿಕದ ಡೇವ್ ಸ್ಮಿತ್ 1981ರಲ್ಲಿ ಮಂಡಿಸಿದ ಪ್ರಸ್ತಾವವು ರೋಲಂಡಿನ ಇಕುತಾರೊ ಕಾಕೆಹಾಶಿ ಮೊದಲಾದವರ ಸಹಕಾರದಿಂದ ಬೆಳೆದು, 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯದಲ್ಲಿ ನಡೆದ ವಾದ್ಯಗಳ ವ್ಯಾಪಾರ ಮೇಳವೊಂದರಲ್ಲಿ ಸ್ಮಿತ್ ಅವರ ಪ್ರಾಫೆಟ್-600 ಮತ್ತು ರೋಲಂಡಿನ ಜುಪಿಟರ್-6 ಒಂದೇ ಕೇಬಲಿನಲ್ಲಿ ಮಾತಾಡುವುದರಲ್ಲಿ ಕೈಗೂಡಿತು. ಮಿಡಿ ಕೂಡ ಎಣಿಕೆಗೆ 24 ಮಿಡಿತಗಳ ಲೆಕ್ಕವನ್ನೇ ಉಳಿಸಿಕೊಂಡಿತು. ಇಪ್ಪತ್ತನಾಲ್ಕು ಎರಡರಿಂದಲೂ ಮೂರರಿಂದಲೂ ಭಾಗವಾಗುವುದರಿಂದ ಪಾಶ್ಚಾತ್ಯ ಲಯಕ್ಕೆ ಅನುಕೂಲ. ಆದರೆ ಕರ್ನಾಟಕ ಸಂಗೀತದ ಖಂಡ, ಮಿಶ್ರ, ಸಂಕೀರ್ಣ ನಡೆಗಳ ಐದು, ಏಳು, ಒಂಬತ್ತು ಭಾಗಗಳು ಆ ಮಿಡಿತಗಳ ಮೇಲೆ ಬೀಳದೆ ನಡುವೆ ಎಲ್ಲೋ ಬೀಳುತ್ತವೆ, ಅವನ್ನು ಅನುಸರಿಸುವ ಯಂತ್ರವು ಅಂದಾಜಿನಿಂದಲೇ ತುಂಬಿಕೊಳ್ಳಬೇಕಾಗುತ್ತದೆ. ಈ ಲೆಕ್ಕವನ್ನು ಗೊತ್ತುಪಡಿಸುವಾಗ ತಿಶ್ರ ಚತುರಶ್ರಗಳ ಆಚೆಗಿನ ಲಯವನ್ನು ಗಣನೆಗೆ ತೆಗೆದುಕೊಳ್ಳಲಿಲ್ಲವೆಂಬುದು ಸ್ಪಷ್ಟವಾಗಿದೆ.

ಕಂಪ್ಯೂಟರುಗಳು ಬಂದ ಮೇಲೆ ಮಿಡಿಯ ಬಲದ ಜೊತೆಗೆ ಅದರ ಮಿತಿಯೂ ಬಯಲಾಯಿತು. ಮಿಡಿ ಕಿಂಡಿಗಳನ್ನು ಮೈಯಲ್ಲೇ ಹೊತ್ತು 1985ರಲ್ಲಿ ಬಂದ ಅಟಾರಿ ಎಸ್‌ಟಿ ಯೂರೋಪಿನ ಸ್ಟುಡಿಯೊಗಳಲ್ಲಿ ಮನೆಮಾತಾಗಿ, 1989ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಅದಕ್ಕಾಗಿ ಕ್ಯೂಬೇಸ್ ಎಂಬ ಸೀಕ್ವೆನ್ಸರನ್ನು, ಅಂದರೆ ಸ್ವರಗಳನ್ನು ಕ್ರಮವಾಗಿ ದಾಖಲಿಸಿ ಮರಳಿ ನುಡಿಸುವ ತಂತ್ರಾಂಶವನ್ನು, ಹೊರತಂದಿತು. 1990ರ ದಶಕದ ನಡುವಿನ ಹೊತ್ತಿಗೆ ಧ್ವನಿಯನ್ನೂ ಕಂಪ್ಯೂಟರೇ ಹುಟ್ಟಿಸತೊಡಗಿದಾಗ ಒಂದೇ ಯಂತ್ರದೊಳಗೆ ಎರಡು ತಂತ್ರಾಂಶಗಳನ್ನು ಜೊತೆಯಾಗಿ ಓಡಿಸುವ ಅಗತ್ಯ ಎದುರಾಯಿತು, ಆಗ ಬಳಕೆದಾರರು ವಿಂಡೋಸಿನಲ್ಲಿ ಹ್ಯೂಬೀಸ್ ಲೂಪ್‌ಬ್ಯಾಕ್, ಮ್ಯಾಕಿಂತೋಷಿನಲ್ಲಿ ಐಎಸಿ ಎಂಬ ಕಾಲ್ಪನಿಕ ಕೇಬಲುಗಳ ಮೂಲಕ ಒಂದರ ಮಿಡಿತಗಳನ್ನು ಇನ್ನೊಂದಕ್ಕೆ ಹರಿಸಿದರು. ಫಲ ಅಷ್ಟಕ್ಕಷ್ಟೇ ಆಗಿದ್ದುದೇಕೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಕಂಪ್ಯೂಟರು ಧ್ವನಿಯನ್ನು ಬಿಡಿಬಿಡಿಯಾಗಿ ಅಲ್ಲದೆ ಬಫರ್ ಎಂಬ ಕಂತುಗಳಲ್ಲಿ ತಯಾರಿಸುತ್ತದೆ. ಸೆಕೆಂಡಿಗೆ 44,100 ಮಾದರಿಗಳಂತೆ ಧ್ವನಿಯನ್ನು ಅಳೆಯುವಾಗ 512 ಮಾದರಿಗಳ ಕಂತು 11.6 ಮಿಲಿಸೆಕೆಂಡಿನದು. ನಿಮಿಷಕ್ಕೆ 120 ಎಣಿಕೆಯ ವೇಗದಲ್ಲಿ ಮಿಡಿತಗಳು 20.8 ಮಿಲಿಸೆಕೆಂಡಿಗೊಂದರಂತೆ ಬರುತ್ತವೆ. ಅನುಸರಿಸುವ ತಂತ್ರಾಂಶವು ಕಂತಿನ ಬಾಗಿಲಲ್ಲಿ ಮಾತ್ರ ಮಿಡಿತಗಳನ್ನು ಗಮನಿಸುವುದಾದರೆ ಅದಕ್ಕೆ ಎರಡು ಮಿಡಿತಗಳ ನಡುವಿನ ಅಂತರ ಒಮ್ಮೆ 23.2 ಆಗಿಯೂ ಇನ್ನೊಮ್ಮೆ 11.6 ಆಗಿಯೂ ಕಾಣುತ್ತದೆ, ಅದನ್ನೇ ನಂಬಿದರೆ ವೇಗವು 108ಕ್ಕೂ 215ಕ್ಕೂ ಜಿಗಿದಾಡಬೇಕಾಗುತ್ತದೆ. ಜಿಟರ್ ಎಂದು ಕರೆಯುವ ಈ ನಡುಕವನ್ನು ತಗ್ಗಿಸಲು ಹಲವು ಮಿಡಿತಗಳ ಸರಾಸರಿ ತೆಗೆಯಬೇಕು. ಸರಾಸರಿ ತೆಗೆದಷ್ಟೂ ವೇಗದ ನಿಜವಾದ ಬದಲಾವಣೆಗೆ ಸ್ಪಂದಿಸುವುದು ತಡವಾಗುತ್ತದೆ. ಮಿಡಿತಗಳ ಸಂಖ್ಯೆಯನ್ನು ಎಷ್ಟು ಹೆಚ್ಚಿಸಿದರೂ ಈ ಇಕ್ಕಟ್ಟು ಬಗೆಹರಿಯುವಂಥದಲ್ಲ.

ಇಕ್ಕಟ್ಟಿನಿಂದ ಹೊರಬರುವ ದಾರಿ ತೆರೆದದ್ದು ಸ್ಟಾಕ್‌ಹೋಮಿನ ಪ್ರೊಪೆಲರ್‌ಹೆಡ್ ಎಂಬ ಪುಟ್ಟ ಕಂಪನಿಯಿಂದ. ರೀಬರ್ತ್ ಆರ್‌ಬಿ-338 ಎಂಬ ಅದರ ತಂತ್ರಾಂಶ ಎರಡು ಟಿಬಿ-303ಗಳನ್ನೂ ಒಂದು ಟಿಆರ್-808ನ್ನೂ ಪರದೆಯ ಮೇಲೆ ಮರುಸೃಷ್ಟಿಸಿತು. ಚರಣ್‌ಜಿತ್ ಸಿಂಗ್ ಅವರ ಮೇಜಿನ ಮೇಲಿದ್ದಂಥ ಜೋಡಿಯೇ ಹದಿನೈದು ವರ್ಷಗಳ ಬಳಿಕ ಕೇಬಲಿನ ಹಂಗಿಲ್ಲದೆ ಒಂದಾಯಿತು. ಆದರೆ ರೀಬರ್ತ್ ಹೊರಡಿಸಿದ ಧ್ವನಿಯನ್ನು ಕ್ಯೂಬೇಸಿನೊಳಗಿನ ಹಾಡಿಗೆ ಹೊಂದಿಸುವ ಕಷ್ಟ ಹಾಗೆಯೇ ಉಳಿದಿತ್ತು. ಸ್ಟೈನ್‌ಬರ್ಗಿನ ಜೊತೆಗೂಡಿ ಪ್ರೊಪೆಲರ್‌ಹೆಡ್ 1998ರಲ್ಲಿ ಹೊರತಂದ ರೀವೈರ್ ಎಂಬ ಏರ್ಪಾಡು ಎರಡು ಗಡಿಯಾರಗಳನ್ನು ಹೊಂದಿಸುವ ಪ್ರಯತ್ನವನ್ನೇ ಕೈಬಿಟ್ಟು, ಎರಡನೆಯ ಗಡಿಯಾರವನ್ನು ತೆಗೆದುಹಾಕಿತು. ರೀವೈರ್ ಮೂಲಕ ತೆರೆದ ಅತಿಥಿ ತಂತ್ರಾಂಶಕ್ಕೆ ಧ್ವನಿಕಾರ್ಡಿನ ಮೇಲೆ ಹಕ್ಕಿಲ್ಲ, ಓಡುವ ಕಾಲವೂ ಅದರದಲ್ಲ. ಆತಿಥೇಯ ತಂತ್ರಾಂಶವು ತನ್ನ ಪ್ರತಿ ಕಂತನ್ನು ತಯಾರಿಸುವಾಗ ಹಾಡಿನ ಇಂಥ ಬಿಂದುವಿನಿಂದ, ಇಷ್ಟು ವೇಗದಲ್ಲಿ, ಇಷ್ಟು ಮಾದರಿಗಳನ್ನು ಕೊಡೆಂದು ಕೇಳುತ್ತದೆ, ಅತಿಥಿ ಅಷ್ಟನ್ನು ಲೆಕ್ಕ ಹಾಕಿ ಕೊಡುತ್ತದೆ. ಕೇಳಿದಾಗ ಮಾತ್ರ ನುಡಿಯುವ ತಂತ್ರಾಂಶ ಹಿಂದೆ ಬೀಳಲು ಕಾರಣವೇ ಉಳಿಯುವುದಿಲ್ಲ. ನಿಮಿಷಕ್ಕೆ 120 ಎಣಿಕೆಯ ವೇಗದಲ್ಲಿ ಒಂದು ಎಣಿಕೆಯೆಂದರೆ ನಿಖರವಾಗಿ 22,050 ಮಾದರಿಗಳು. ವೇಗವನ್ನು 121ಕ್ಕೆ ಏರಿಸಿದರೆ ಅದು 21,867 ಮಾದರಿಗಳ ಮೇಲೆ ಮುಕ್ಕಾಲಿನಷ್ಟಾಗುತ್ತದೆ, ಮತ್ತು ಆ ಮುಕ್ಕಾಲನ್ನು ಎರಡು ತಂತ್ರಾಂಶಗಳೂ ಒಂದೇ ಬಗೆಯಲ್ಲಿ ಮುಂದಕ್ಕೆ ಒಯ್ಯಬೇಕಾಗುತ್ತದೆ. ಕಾಲಹೊಂದಾಣಿಕೆ ಇಷ್ಟು ಸೂಕ್ಷ್ಮ ಮಟ್ಟಕ್ಕೆ, ಒಂದು ಮಾದರಿಯ ಮಟ್ಟಕ್ಕೆ ಇಳಿದದ್ದೇ ರೀವೈರಿನ ನಿಜವಾದ ಸಾಧನೆ.

ಈ ಅಧಿಕಾರಕ್ರಮ ಬಳಕೆಯಲ್ಲೂ ಎದ್ದು ಕಾಣುತ್ತಿತ್ತು. ಮೊದಲು ಆತಿಥೇಯವನ್ನು ತೆರೆದು ಆಮೇಲೆ ಅತಿಥಿಯನ್ನು ತೆರೆಯಬೇಕಿತ್ತು, ಮುಚ್ಚುವಾಗ ಅತಿಥಿಯನ್ನೇ ಮೊದಲು ಮುಚ್ಚಬೇಕಿತ್ತು. ಕ್ರಮ ತಪ್ಪಿ ಅತಿಥಿಯನ್ನು ಮೊದಲೇ ತೆರೆದರೆ ಅದು ತನ್ನನ್ನು ಸ್ವತಂತ್ರವೆಂದು ತಿಳಿದು ಧ್ವನಿಕಾರ್ಡನ್ನು ಹಿಡಿದುಕೊಳ್ಳುತ್ತಿತ್ತು, ಸಂಬಂಧ ಕೂಡುತ್ತಿರಲಿಲ್ಲ. ಮೊದಲ ಆವೃತ್ತಿಯಲ್ಲಿ 64 ಧ್ವನಿಪಥಗಳನ್ನೂ ಮುಂದಿನದರಲ್ಲಿ 256 ಧ್ವನಿಪಥಗಳನ್ನೂ ಹೀಗೆ ಸಾಗಿಸಬಹುದಾಗಿತ್ತು, ಜೊತೆಗೆ ಯಾವ ತಂತ್ರಾಂಶದಲ್ಲಿ ಆರಂಭದ ಗುಂಡಿಯನ್ನು ಒತ್ತಿದರೂ ಎರಡೂ ಹೊರಡುತ್ತಿದ್ದವು. 2000ದಲ್ಲಿ ಬಂದ ಪ್ರೊಪೆಲರ್‌ಹೆಡ್ಡಿನ ರೀಸನ್ ಅತಿಥಿಯಾಗಿ ಬಳಕೆಗೆ ಬಂತು, 2001ರಲ್ಲಿ ಬರ್ಲಿನ್ನಿನಿಂದ ಬಂದ ಏಬಲ್ಟನ್ ಲೈವ್ ಎರಡೂ ಪಾತ್ರಗಳನ್ನು ವಹಿಸಬಲ್ಲದಾಗಿತ್ತು, ಲಾಜಿಕ್, ಪ್ರೊ ಟೂಲ್ಸ್ ಮೊದಲಾದವು ಆತಿಥೇಯಗಳಾದವು. ಒಂದು ತಂತ್ರಾಂಶ ಕಂಪನಿಯ ಉಪಾಯವನ್ನು ಅದರ ಪ್ರತಿಸ್ಪರ್ಧಿಗಳೆಲ್ಲ ಒಪ್ಪಿಕೊಂಡು ಇಪ್ಪತ್ತು ವರ್ಷ ನಡೆಸಿಕೊಂಡು ಬಂದದ್ದು ಈ ಉದ್ಯಮದಲ್ಲಿ ಅಪರೂಪ.

ರೀವೈರ್ ಕೊನೆಗೊಂಡದ್ದು ಸೋಲಿನಿಂದಲ್ಲ. ಆತಿಥೇಯದ ಕೋರಿಕೆಗೆ ತಕ್ಕಂತೆ ಮಾದರಿಗಳನ್ನು ಲೆಕ್ಕ ಹಾಕಿ ಕೊಡುವ ಇದೇ ವಿಧಾನವನ್ನು ಆತಿಥೇಯದೊಳಗೇ ತೆರೆದುಕೊಳ್ಳುವ ಪ್ಲಗಿನ್ ಎಂಬ ಉಪತಂತ್ರಾಂಶಗಳು, ಸ್ಟೈನ್‌ಬರ್ಗ್ 1996ರಲ್ಲಿ ರೂಪಿಸಿದ ವಿಎಸ್‌ಟಿಯ ಕಾಲದಿಂದಲೂ, ಇನ್ನೂ ಸರಳವಾಗಿ ನಡೆಸುತ್ತಿದ್ದವು. 2019ರಲ್ಲಿ ರೀಸನ್‌ನ ಹನ್ನೊಂದನೆಯ ಆವೃತ್ತಿ ತಾನೇ ಪ್ಲಗಿನ್ ಆಗಿ ಬೇರೆ ತಂತ್ರಾಂಶಗಳೊಳಗೆ ತೆರೆದುಕೊಳ್ಳುವಂತಾಗಿ ರೀವೈರನ್ನು ಬಿಟ್ಟುಕೊಟ್ಟಿತು, 2020ರ ಕೊನೆಗೆ ಆ ತಂತ್ರಜ್ಞಾನದ ಪೋಷಣೆಯೂ ನಿಂತಿತು.

ಅಷ್ಟರಲ್ಲಿ ಒಡೆತನದ ಪ್ರಶ್ನೆಗೆ ಬೇರೆಯೇ ಉತ್ತರವೊಂದು ಬಂದಿತ್ತು. 2016ರಲ್ಲಿ ಏಬಲ್ಟನ್ ಹೊರತಂದು, ಅದೇ ವರ್ಷ ಮೂಲಸಂಕೇತವನ್ನೂ ಬಹಿರಂಗಗೊಳಿಸಿದ ಲಿಂಕ್ ಎಂಬ ಏರ್ಪಾಡಿನಲ್ಲಿ ಆತಿಥೇಯನೂ ಇಲ್ಲ, ಅತಿಥಿಯೂ ಇಲ್ಲ. ಒಂದೇ ಜಾಲದಲ್ಲಿರುವ ಕಂಪ್ಯೂಟರುಗಳೂ ಫೋನುಗಳೂ ತಮ್ಮ ತಮ್ಮ ಗಡಿಯಾರಗಳ ನಡುವಿನ ಅಂತರವನ್ನು ಸಂದೇಶಗಳ ವಿನಿಮಯದಿಂದ ಅಳೆದುಕೊಂಡು, ವೇಗ ಎಷ್ಟು, ಆವರ್ತದ ಎಷ್ಟನೆಯ ಎಣಿಕೆ ನಡೆಯುತ್ತಿದೆ ಎಂಬ ಒಪ್ಪಂದವೊಂದನ್ನು ಹಂಚಿಕೊಳ್ಳುತ್ತವೆ. ಯಾರು ಬೇಕಾದರೂ ವೇಗ ಬದಲಿಸಬಹುದು, ಯಾರು ಎದ್ದುಹೋದರೂ ಉಳಿದವರ ಲಯ ಕೆಡುವುದಿಲ್ಲ. ಕಚೇರಿಯಲ್ಲಿ ಗಾಯಕರೂ ಸಭೆಯ ಮುಂದಿನ ಸಾಲಿನ ರಸಿಕರೂ ಕೈಯಲ್ಲಿ ತಾಳ ಹಾಕುತ್ತಿರುವಾಗ ಮೃದಂಗದವರೂ ಪಿಟೀಲಿನವರೂ ಅದೇ ತಾಳವನ್ನು ಮನಸ್ಸಿನಲ್ಲಿ ಹಿಡಿದು ನುಡಿಸುವ ಕ್ರಮಕ್ಕೆ ಇದು ಬಹಳ ಹತ್ತಿರದ್ದು.

ಹಾಗಿದ್ದರೂ ಹೊರಬಂದಾಗ ಲಿಂಕ್ ಸಾಗಿಸುತ್ತಿದ್ದುದು ಕಾಲದ ಒಪ್ಪಂದವನ್ನಷ್ಟೇ ಹೊರತು ರೀವೈರಿನ ಕಾಲುವೆಗಳಲ್ಲಿ ಹರಿಯುತ್ತಿದ್ದ ಧ್ವನಿಯನ್ನಲ್ಲ, ಅದರ ನಿಖರತೆಯೂ ಒಂದು ಮಾದರಿಯ ಮಟ್ಟದ್ದಲ್ಲ. ವೇದಿಕೆಯ ಮೇಲೆ ಕೂಡಿ ನುಡಿಸುವವರಿಗೆ ಇದರಿಂದ ಏನೂ ಕೊರತೆಯಿಲ್ಲ. ಸ್ಟುಡಿಯೊದಲ್ಲಿ ಎರಡು ಪೂರ್ಣ ಪ್ರಮಾಣದ ತಂತ್ರಾಂಶಗಳನ್ನು ಮಾದರಿಯ ಲೆಕ್ಕದಲ್ಲಿ ಹೊಂದಿಸಬೇಕೆನ್ನುವವರು ಈಗ ಮೊದಲನೆಯದರ ಪ್ರತಿ ಪಥವನ್ನೂ ಹಾಡಿನ ಮೊದಲ ಎಣಿಕೆಯಿಂದಲೇ ಶುರುವಾಗುವ ಪ್ರತ್ಯೇಕ ಧ್ವನಿಕಡತವಾಗಿ ಹೊರತೆಗೆದು, ಎರಡೂ ಕಡೆ ಮಾದರಿಯ ದರ ಮತ್ತು ವೇಗ ಒಂದೇ ಇವೆಯೆಂದು ಖಚಿತಪಡಿಸಿಕೊಂಡು, ಎರಡನೆಯದರೊಳಗೆ ಸಾಲಾಗಿ ಜೋಡಿಸುತ್ತಾರೆ. ಮೊದಲನೆಯದರಲ್ಲಿ ಒಂದು ಸ್ವರ ಬದಲಾದರೂ ಆ ಪಥವನ್ನು ಮತ್ತೆ ಹೊರತೆಗೆದು ಮತ್ತೆ ಜೋಡಿಸಬೇಕಾಗುತ್ತದೆ.